ಹೆಸರಿಗೆ ಮಸಿ ಹತ್ತಿದಾಗ



ಈ ಅಂಕಣದಲ್ಲಿ ನಾವು ಇದುವರೆಗೆ ವಾಟಣಿ, ಮೃತ್ಯುಪತ್ರ, ವಾರಸಾ ನೋಂದಣಿ ಮುಂತಾದ ಹೊಲ-ಮನೆಗಳ ವಿಷಯವನ್ನೇ ಹೆಚ್ಚಾಗಿ ಬರೆಯುತ್ತ ಬಂದಿದ್ದೇವೆ. ಈ ಸಲ ಬರೆಯಬೇಕಾಗಿರುವುದು ಉತಾರದಲ್ಲಿ ಕಾಣದ ಒಂದು ಆಸ್ತಿಯ ಬಗ್ಗೆ. ವೈದ್ಯರು, ವಕೀಲರು, ಮಾಸ್ತರರು, ಲೆಕ್ಕಪತ್ರ ನೋಡುವವರು, ಇವರಿಗೆಲ್ಲ ಅಂಗಡಿಯಲ್ಲಿ ಮಾಲು ಇರುವುದಿಲ್ಲ. ಇರುವುದು ಹೆಸರೊಂದೇ. ಆ ಹೆಸರಿನ ಮೇಲೆ ಯಾರಾದರೂ ಸುಳ್ಳು ಹೊರಿಸಿದರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಸಬೇಕಾಗಿದೆ. ತಿಳಿಸುವುದಕ್ಕೆ ಕಾರಣವೂ ಇದೆ. ಅದರಲ್ಲಿ ನಮ್ಮದೇ ಒಂದು ತಪ್ಪೂ ಸೇರಿದೆ.

ಹೋದ ವರ್ಷದ ಹಿಂದಿನ ವೈಶಾಖದಲ್ಲಿ ನಮ್ಮ ಕಚೇರಿಗೆ ಮೂರು ಹಾಳೆಯ ಒಂದು ಪತ್ರ ಬಂದಿತು. ಬರೆದವರು ಕರ್ನಾಟಕದ ಕಡೆಯವರು. ಅವರು ಯಾರ ಮೇಲೆ ಬರೆದಿದ್ದರೋ ಆ ಡಾಕ್ಟರರು ಗಡಿಯ ಈಚೆ, ಮಹಾರಾಷ್ಟ್ರದ ಒಂದು ತಾಲೂಕು ಊರಿನಲ್ಲಿ 22 ವರ್ಷದಿಂದ ದವಾಖಾನೆ ನಡೆಸುತ್ತಿರುವವರು. ಇಬ್ಬರೂ ನಮ್ಮ ಸಮಾಜದವರೇ, ಇಬ್ಬರೂ ನಮ್ಮ ಚಂದಾದಾರರೇ. ಊರಿನ ಹೆಸರನ್ನಾಗಲಿ ಮನೆತನದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿರುವುದು ಆ ಕರಾರಿನ ಮೇಲೆ.

ಪತ್ರ ಬರೆದವರ ತಂಗಿಯ ಮಗುವಿಗೆ ಜ್ವರ ಬಂದಿತ್ತು. ಡಾಕ್ಟರರು ಔಷಧ ಕೊಟ್ಟು, ಸಂಜೆಯೊಳಗೆ ಇಳಿಯದಿದ್ದರೆ ದೊಡ್ಡ ಆಸ್ಪತ್ರೆಗೆ ಒಯ್ಯಿರೆಂದು ಚೀಟಿ ಬರೆದುಕೊಟ್ಟರು. ರಾತ್ರಿ ಮಗುವಿಗೆ ಫಿಟ್ಸ್ ಬಂತು. 11 ದಿನ ಆಸ್ಪತ್ರೆಯಲ್ಲಿತ್ತು. ಪುಣ್ಯಕ್ಕೆ ಮಗು ಗುಣವಾಗಿ ಮನೆಗೆ ಬಂದಿತು. ಆದರೆ ಸೋದರಮಾವನ ಸಿಟ್ಟು ಇಳಿದಿರಲಿಲ್ಲ. ಪತ್ರದಲ್ಲಿ ನಾಲ್ಕು ಮಾತುಗಳಿದ್ದವು. ಡಾಕ್ಟರರು ಮುದ್ದತು ಮೀರಿದ ಇಂಜೆಕ್ಷನ್ ಚುಚ್ಚಿದರು. ಅವರ ಡಿಗ್ರಿ ನಕಲಿ. ದೊಡ್ಡ ಆಸ್ಪತ್ರೆಗೆ ಪೇಶಂಟರನ್ನು ಕಳಿಸಿ ಕಮಿಷನ್ ತಿನ್ನುತ್ತಾರೆ. ಕೊನೆಯದಾಗಿ, ಇವರ ಕೈಗುಣವೇ ಕೆಟ್ಟದ್ದು. ಸಮಾಜದ ಹಿತಕ್ಕಾಗಿ ಇದನ್ನು ಅಚ್ಚು ಹಾಕಬೇಕೆಂದು ಕೆಳಗೆ ಸಹಿ.

ನಾವು ಅಚ್ಚು ಹಾಕಲಿಲ್ಲ. ಪತ್ರವನ್ನು ಟೇಬಲಿನ ಖಾನೆಯಲ್ಲಿಟ್ಟೆವು. ಅಚ್ಚು ಹಾಕದೆ ಬಿಟ್ಟದ್ದೇ ನಮ್ಮ ದೊಡ್ಡತನವೆಂದು ಭಾವಿಸಿ ಸುಮ್ಮನಾದೆವು. ಬರೆದವರಿಗೆ ಒಂದು ಉತ್ತರ ಬರೆಯಲಿಲ್ಲ, ಡಾಕ್ಟರರಿಗೂ ತಿಳಿಸಲಿಲ್ಲ. ಪತ್ರ ಬರೆದವರು ಕಾದು ನೋಡಿ, ಅದನ್ನೇ ಝೆರಾಕ್ಸ್ ಮಾಡಿಸಿ ಜ್ಯೇಷ್ಠದ ಒಂದು ಲಗ್ನದಲ್ಲಿ ಊಟದ ಪಂಕ್ತಿಯಲ್ಲೇ ಹಂಚಿದರಂತೆ. ಎರಡೂ ಕಡೆಯ ಬೀಗರು, ನಾಲ್ಕು ತಾಲೂಕಿನ ನಮ್ಮ ಜನ ಎಲ್ಲರೂ ಅಲ್ಲಿದ್ದರು. ಅಲ್ಲಿಂದ ಮೊಬೈಲುಗಳಿಗೂ ಹೋಯಿತು.

ಹದಿನಾಲ್ಕು ತಿಂಗಳ ಮೇಲೆ ಡಾಕ್ಟರರ ತಮ್ಮ ನಮ್ಮ ಕಚೇರಿಗೆ ಬಂದರು.

"ಕಾಕಾರ, ಅಣ್ಣಾರ ದವಾಖಾನಿಗೆ ದಿನಾ ಅರವತ್ತು ಎಪ್ಪತ್ತು ಪೇಶಂಟ್ ಬರತಿದ್ರು. ಈಗ ಹತ್ತೂ ಇಲ್ರಿ. ಕಂಪೌಂಡರನ್ನ ಬಿಡಿಸ್ಯಾರ. ಮನ್ಯಾಗ ಮಾತೂ ಕಡಿಮಿ ಮಾಡ್ಯಾರ. ಆ ಪತ್ರ ಮೊದಲ ನಿಮ್ಮ ಕಡೆ ಬಂದಿತ್ತಂತ, ಖರೇ ಏನ್ರಿ?"

ಬಂದಿತ್ತು ಎಂದೆವು.

"ಮತ್ತ ಅವಾಗ ಒಂದು ಮಾತ ಹೇಳಬಾರದಿತ್ತೇನ್ರಿ?"

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರನ್ನು ಕೂಡಿಸಿಕೊಂಡು ಕಾನೂನಿನ ಪುಸ್ತಕ ತೆಗೆದೆವು. ಅಂದು ಅವರಿಗೆ ಹೇಳಿದ್ದನ್ನೇ ಇಂದು ಎಲ್ಲರಿಗೂ ಹೇಳುತ್ತಿದ್ದೇವೆ.

ಮಾನಹಾನಿ ಎಂದು ನಾವು ಕನ್ನಡದಲ್ಲಿ ಅನ್ನುವುದಕ್ಕೆ ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕೋರ್ಟುಗಳ ಕಟ್ಟೆಯ ಮೇಲೆ ಅಬ್ರುನುಕಸಾನಿ ಎನ್ನುತ್ತಾರೆ. ಕಾಸರಗೋಡು, ವಯನಾಡಿನ ನಮ್ಮ ಓದುಗರು ಮಾನನಷ್ಟವೆಂದು ಕೇಳಿರುತ್ತಾರೆ. ಹೊಸೂರು, ತಾಳವಾಡಿಯವರು ಅವದೂರು ಎಂದು. ರಾಯದುರ್ಗ, ಮಡಕಶಿರಾದವರು ಪರುವು ನಷ್ಟಂ ಎಂದು. ಹೆಸರು ಯಾವುದಾದರೂ ಕಾಯ್ದೆ ಒಂದೇ. 1860ರ ಭಾರತೀಯ ದಂಡಸಂಹಿತೆಯ 499 ಮತ್ತು 500ನೆಯ ಕಲಮುಗಳಲ್ಲಿ ಅದು ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ 356ನೆಯ ಕಲಮಿನಲ್ಲಿದೆ. ಆ ತಾರೀಖಿನ ಮೊದಲು ನಡೆದುದಕ್ಕೆ ಹಳೆಯ ಕಲಮು, ಆಮೇಲಿನದಕ್ಕೆ ಹೊಸದು. ಒಳಗಿನ ಮಾತು ಹೆಚ್ಚು ಬದಲಾಗಿಲ್ಲ. ಎರಡು ವರ್ಷದವರೆಗೆ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ; ಹೊಸ ಕಾಯ್ದೆಯಲ್ಲಿ ಸಮುದಾಯ ಸೇವೆಯ ಶಿಕ್ಷೆಯನ್ನೂ ಸೇರಿಸಿದ್ದಾರೆ. ಮಾನಹಾನಿಯನ್ನು ಅಪರಾಧವೆಂದು ಇಟ್ಟುಕೊಳ್ಳುವುದೇ ಸರಿಯಲ್ಲವೆಂದು ಕೆಲವು ರಾಜಕಾರಣಿಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2016ರ ಮೇ ತಿಂಗಳಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಮನುಷ್ಯನ ಹೆಸರು ಅವನ ಜೀವಿಸುವ ಹಕ್ಕಿನ ಒಂದು ಭಾಗ ಎಂದು ತೀರ್ಪಿತ್ತಿತು.

ಈ ಕಲಮಿಗೆ ಕೆಲವು ವಿವರಣೆಗಳಿವೆ. ಅವುಗಳಲ್ಲಿ ನಾಲ್ಕನೆಯದು ನಮ್ಮ ಇಂದಿನ ವಿಷಯಕ್ಕೆ ಬೇಕಾದದ್ದು. ಒಬ್ಬನ ನಡತೆಯನ್ನೋ ಬುದ್ಧಿಯನ್ನೋ ಇತರರ ಕಣ್ಣಿನಲ್ಲಿ ಕೀಳು ಮಾಡುವುದು ಮಾತ್ರವಲ್ಲ, ಅವನ ಕಸಬಿನ ವಿಷಯದಲ್ಲಿ ಅವನನ್ನು ಕೀಳು ಮಾಡುವುದೂ, ಅವನ ಪತ್ತು ಕೆಡಿಸುವುದೂ ಮಾನಹಾನಿಯೇ. ಎಂದರೆ 'ಈ ಡಾಕ್ಟರರು ಸಿಡುಕರು' ಎನ್ನುವುದಕ್ಕೂ 'ಈ ಡಾಕ್ಟರರ ಡಿಗ್ರಿ ನಕಲಿ' ಎನ್ನುವುದಕ್ಕೂ ಅಜಗಜಾಂತರ. ಎರಡನೆಯ ಮಾತು ನೇರವಾಗಿ ಅನ್ನಕ್ಕೆ ಬಡಿಯುತ್ತದೆ.

ಬಾಯಿಮಾತು, ಬರಹ ಎಂಬ ಭೇದವನ್ನೂ ನಮ್ಮ ದಂಡಸಂಹಿತೆ ಮಾಡಿಲ್ಲ. ಅದರಲ್ಲಿ ಕೊಟ್ಟಿರುವ ಉದಾಹರಣೆಗಳು ಓದಲು ಸ್ವಾರಸ್ಯವಾಗಿವೆ. ಗಡಿಯಾರ ಕದ್ದವರು ಯಾರು ಎಂದು ಕೇಳಿದಾಗ ಬಾಯಿ ಬಿಡದೆ ಒಬ್ಬನ ಕಡೆಗೆ ಬೆರಳು ತೋರಿಸಿದರೂ ಆಯಿತು. 'ಅವನು ಬಹಳ ಪ್ರಾಮಾಣಿಕ, ಗಡಿಯಾರ ಅವನೆಲ್ಲಿ ಕದ್ದಾನು' ಎಂದು ವ್ಯಂಗ್ಯವಾಗಿ ಹೊಗಳಿದರೂ ಆಯಿತು. ನಮ್ಮ ಲಗ್ನಮನೆಗಳಲ್ಲಿ ನಡೆಯುವುದು ಹೆಚ್ಚಾಗಿ ಈ ಎರಡನೆಯ ತರಹ.

ಇಂಗ್ಲೆಂಡಿನ ಕಾಯ್ದೆಯಲ್ಲಿ ಬಾಯಿಮಾತಿಗೆ ಬೇರೆ ಲೆಕ್ಕವಿತ್ತು. ಅದರಿಂದ ಒಬ್ಬ ಶಾಲಾ ಮುಖ್ಯೋಪಾಧ್ಯಾಯರಿಗೆ ಆದ ಗತಿಯನ್ನು ಹೇಳಿದರೆ, ಕಸಬು ಎಂಬ ಶಬ್ದ ಕಾಯ್ದೆಯಲ್ಲಿ ಯಾಕೆ ಬೇಕೆಂಬುದು ತಿಳಿದೀತು. ಶಾಲೆಯ ಕಸ ಗುಡಿಸುವ ಹೆಂಗಸಿನೊಡನೆ ಅವರಿಗೆ ಸಂಬಂಧವಿದೆ ಎಂದು ಯಾರೋ ಬಾಯಿಂದ ಆಡಿದರು. ಅವರು ದಾವೆ ಹೂಡಿದರು. ಪ್ರಕರಣ ಮೇಲಿನವರೆಗೆ ಹೋಗಿ, 1916ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರ ವಿರುದ್ಧ ತೀರ್ಪಿತ್ತಿತು. ಆ ಮಾತು ಅವರ ನಡತೆಯ ಮೇಲೆ ಬಂದದ್ದೇ ಹೊರತು ಪಾಠ ಹೇಳುವ ಕೆಲಸದ ಮೇಲೆ ಬಂದದ್ದಲ್ಲ. ಆದುದರಿಂದ ಇಂತಿಷ್ಟು ಹಾನಿಯಾಯಿತೆಂದು ಸಾಬೀತು ಮಾಡದೆ ದಾವೆ ನಡೆಯದು ಎಂಬುದು ಅದರ ತರ್ಕ. ಅಂಥ ಮಾತು ಹಬ್ಬಿದ ಮೇಲೆ ಯಾವ ಊರಿನವರು ಆ ಮಾಸ್ತರರ ಶಾಲೆಗೆ ಮಕ್ಕಳನ್ನು ನೆಮ್ಮದಿಯಿಂದ ಕಳಿಸಿಯಾರು? ಈ ಕೊರತೆ ಅಲ್ಲಿಯವರಿಗೂ ತಿಳಿಯಿತು. ತಿದ್ದಲು 36 ವರ್ಷ ಹಿಡಿಯಿತು. 1952ರ ಅವರ ಮಾನಹಾನಿ ಕಾಯ್ದೆಯಲ್ಲಿ, ಉದ್ಯೋಗಕ್ಕೆ ಕುಂದು ತರುವಂಥ ಮಾತಾದರೆ ಸಾಕು, ಕೆಲಸವನ್ನೇ ಕುರಿತು ಆಡಿರಬೇಕಾಗಿಲ್ಲ, ಹಾನಿಯ ಲೆಕ್ಕವನ್ನೂ ತೋರಿಸಬೇಕಾಗಿಲ್ಲ ಎಂದು ಬರೆದರು.

ಇನ್ನು ನಮ್ಮ ಪತ್ರಕ್ಕೆ ಬರೋಣ. ಮೊದಲ ಮೂರು ಮಾತುಗಳು ಸಂಗತಿಗಳು. ಹೌದು ಅಥವಾ ಅಲ್ಲ ಎಂದು ತೋರಿಸಲು ಬರುವಂಥವು. ಡಾಕ್ಟರರ ರಜಿಸ್ಟರಿನಲ್ಲಿ ಆ ದಿನ ಮಗುವಿಗೆ ಗುಳಿಗೆ ಮತ್ತು ಸಿರಪ್ ಎಂದಿದೆ. ಇಂಜೆಕ್ಷನ್ ಕೊಟ್ಟೇ ಇಲ್ಲ. ತಾಯಿಯೂ ಆಮೇಲೆ ಅದನ್ನೇ ಹೇಳಿದರು. ಡಿಗ್ರಿ ಖರೆಯೋ ಸುಳ್ಳೋ ಎಂಬುದನ್ನು ಮೆಡಿಕಲ್ ಕೌನ್ಸಿಲಿನ ನೋಂದಣಿಯಿಂದ ಯಾರು ಬೇಕಾದರೂ ನೋಡಿಕೊಳ್ಳಬಹುದಿತ್ತು. ಪತ್ರ ಬರೆದವರು ನೋಡಿರಲಿಲ್ಲ. ಕಮಿಷನ್ನಿನ ಮಾತು ಬಸ್ಸಿನಲ್ಲಿ ಯಾರೋ ಅಂದದ್ದು.

ನಾಲ್ಕನೆಯ ಮಾತು ಕೈಗುಣದ್ದು. ಇದನ್ನು ಕುರಿತು ನಾವು ಬಹಳ ಹೊತ್ತು ವಿಚಾರ ಮಾಡಿದೆವು. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಶಬ್ದವಿಲ್ಲ, ಆದರೆ ನಮ್ಮ ನೆರೆಯವರೆಲ್ಲರಲ್ಲೂ ಇದೆ. ಮರಾಠಿಗರು ಹಾತಗುಣ ಎನ್ನುತ್ತಾರೆ, ತೆಲುಗರು ಹಸ್ತವಾಸಿ, ತಮಿಳರು ಕೈರಾಸಿ. ಪತ್ರ ಕನ್ನಡದಲ್ಲಿದ್ದು ಕೋರ್ಟು ಮರಾಠಿಯದಾದರೆ ಪ್ರತಿಯೊಂದು ಶಬ್ದವನ್ನೂ ತರ್ಜುಮೆ ಮಾಡಿಸಿ ಹಾಜರು ಮಾಡಬೇಕಾಗುತ್ತದೆ. ಈ ಒಂದು ಶಬ್ದಕ್ಕೆ ಮಾತ್ರ ತರ್ಜುಮೆದಾರರಿಗೆ ತ್ರಾಸವಿಲ್ಲ. ಒಬ್ಬರ ಕೈಗುಣ ಚೆನ್ನಾಗಿಲ್ಲ ಎಂಬುದು ಸಾಬೀತು ಮಾಡಲೂ ಬಾರದ, ಅಲ್ಲಗಳೆಯಲೂ ಬಾರದ ಮಾತು. ಕೋರ್ಟು ಅದನ್ನು ಬರಿಯ ಅಭಿಪ್ರಾಯವೆಂದು ಬಿಟ್ಟುಬಿಡುವ ಸಂಭವವೇ ಹೆಚ್ಚೆಂದು ನಮ್ಮ ತಿಳಿವಳಿಕೆ. ಆದರೆ ಡಾಕ್ಟರರ ತಮ್ಮನ ಪ್ರಕಾರ ಅವರ ಅಣ್ಣನಿಗೆ ಎಲ್ಲಕ್ಕಿಂತ ಹೆಚ್ಚು ಹತ್ತಿದ್ದು ಅದೇ ಮಾತು. ಡಿಗ್ರಿಯ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಬಹುದು. ಕೈಗುಣವನ್ನು ಎಲ್ಲಿ ತೂಗುಹಾಕುವುದು?

ಹಾಗಾದರೆ ವೈದ್ಯರಿಂದ ನಿಜವಾಗಿಯೂ ಅನ್ಯಾಯವಾದವರು ಬಾಯಿ ಮುಚ್ಚಿಕೊಂಡು ಕೂಡಬೇಕೇ ಎಂದು ಕೆಲವರು ಕೇಳಬಹುದು. ಖಂಡಿತ ಇಲ್ಲ. ಈ ಕಲಮಿಗೆ ಹತ್ತು ಅಪವಾದಗಳಿವೆ. ವಿಚಾರಣೆ ಮಾಡುವ ಅಧಿಕಾರವಿರುವವರ ಮುಂದೆ ಸದ್ಭಾವನೆಯಿಂದ ದೂರು ಕೊಟ್ಟರೆ ಅದು ಮಾನಹಾನಿಯಲ್ಲ. ವೈದ್ಯರ ಮೇಲೆ ಆಯಾ ರಾಜ್ಯದ ಮೆಡಿಕಲ್ ಕೌನ್ಸಿಲಿಗೆ, ವಕೀಲರ ಮೇಲೆ ಬಾರ್ ಕೌನ್ಸಿಲಿಗೆ, ಸಿ.ಎ.ಗಳ ಮೇಲೆ ಅವರ ಇನ್‌ಸ್ಟಿಟ್ಯೂಟಿಗೆ ಬರೆಯಬಹುದು. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಮುದ್ದತು ಇದೆ. ಅಷ್ಟೇ ಅಲ್ಲ, ತನ್ನ ಹಿತ ಕಾಯ್ದುಕೊಳ್ಳಲು, ಅಥವಾ ಕೇಳುವವರ ಒಳ್ಳೆಯದಕ್ಕಾಗಿ, ಸದ್ಭಾವನೆಯಿಂದ ಎಚ್ಚರಿಕೆ ಹೇಳಿದರೂ ತಪ್ಪಿಲ್ಲ. ಕಾಯ್ದೆಯಲ್ಲೇ ಕೊಟ್ಟ ದೃಷ್ಟಾಂತವೊಂದು ನಮ್ಮ ವ್ಯಾಪಾರಿ ಬಂಧುಗಳಿಗೆ ಕೂಡಲೇ ಹಿಡಿಸೀತು. ಅಂಗಡಿಯ ಯಜಮಾನ ತನ್ನ ಗುಮಾಸ್ತನಿಗೆ, ಇಂಥವನಿಗೆ ರೋಖ ಕೊಟ್ಟರೆ ಮಾತ್ರ ಮಾಲು ಕೊಡು, ಅವನ ಪ್ರಾಮಾಣಿಕತೆಯ ಮೇಲೆ ನನಗೆ ಭರವಸೆಯಿಲ್ಲ ಎಂದು ಹೇಳಬಹುದು. ಅದೇ ಮಾತನ್ನು ಅವನು ಸಂತೆಯಲ್ಲಿ ನಿಂತು ಕೂಗಿದರೆ ಈ ರಕ್ಷಣೆ ಅವನಿಗೆ ದೊರೆಯುವುದು ಕಷ್ಟ.

ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸು ಇಷ್ಟೇ ಎಂದು ಅನೇಕರು ತಿಳಿಯುತ್ತಾರೆ. ಕಾಯ್ದೆಯ ಅರ್ಥ ಇನ್ನೂ ಬಿಗಿಯಾದದ್ದು. ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ. ವಿಚಾರಿಸಿ ನೋಡದೆ ಹೇಳಿದವನ ಮನಸ್ಸು ಎಷ್ಟೇ ಶುದ್ಧವಿರಲಿ, ಅಪವಾದದ ನೆರಳು ಅವನಿಗೆ ಸಿಗದು. 'ಅವರು ಅಂದರು, ನಾನು ಅಂದೆ' ಎಂಬ ಸಮಾಧಾನವೂ ನಡೆಯದು. ಇನ್ನೊಂದು ಮಾತು: ಹೇಳಿದ್ದು ಖರೆಯಾಗಿದ್ದರೆ ದಿವಾಣಿ ದಾವೆಯಲ್ಲಿ ಅದೇ ಪೂರ್ಣ ಉತ್ತರ. ಫೌಜದಾರಿಯಲ್ಲಿ ಮಾತ್ರ, ಖರೆಯಾದದ್ದನ್ನು ಹೇಳಿದ್ದು ಸಾರ್ವಜನಿಕರ ಒಳಿತಿಗಾಗಿ ಎಂಬುದನ್ನೂ ತೋರಿಸಬೇಕು.

(ಸತ್ಯಾಣುವ್ರತದ ಅತಿಚಾರಗಳಲ್ಲಿ ಸಮಂತಭದ್ರಾಚಾರ್ಯರು ಪರಿವಾದ, ಪೈಶುನ್ಯ, ಕೂಟಲೇಖಗಳನ್ನು ಹೇಳಿರುವುದು ಸ್ವಾಧ್ಯಾಯ ಮಾಡುವ ನಮ್ಮ ಓದುಗರಿಗೆ ಗೊತ್ತೇ ಇದೆ. ಅದನ್ನು ಹೇಳಲು ತಿಳಿದವರಿದ್ದಾರೆ; ನಾವು ಕೋರ್ಟಿನ ಕಟ್ಟೆ ಬಿಟ್ಟು ಮೇಲೆ ಹೋಗುವುದಿಲ್ಲ.)

ಡಾಕ್ಟರರ ತಮ್ಮನಿಗೆ ನಾವು ಹೇಳಬೇಕಾಗಿ ಬಂದ ಕಹಿ ಮಾತು ಮುದ್ದತಿನದು. ನುಕಸಾನ ಭರ್ತಿಗಾಗಿ ದಿವಾಣಿ ದಾವೆ ಹೂಡುವುದಿದ್ದರೆ 1963ರ ಮುದ್ದತು ಕಾಯ್ದೆಯ ಪ್ರಕಾರ ಕಾಲ ಒಂದೇ ಒಂದು ವರ್ಷ. ಬರಹವಾದರೆ ಅದು ಪ್ರಕಟವಾದ ದಿನದಿಂದ ಎಣಿಕೆ. ಹೊಲದ ಜಗಳಕ್ಕೆ ಹನ್ನೆರಡು ವರ್ಷದ ಮಾತು ಕೇಳಿ ರೂಢಿಯಾದ ನಮ್ಮ ಜನಕ್ಕೆ ಇದು ನಂಬಲೂ ಕಷ್ಟ. ತಡವಾದುದಕ್ಕೆ ಕಾರಣ ಹೇಳಿ ಮಾಫಿ ಪಡೆಯುವ ಸವಲತ್ತು ಅಪೀಲು, ಅರ್ಜಿಗಳಿಗೆ ಉಂಟು, ದಾವೆಗೆ ಇಲ್ಲ. ಅವರು ಬಂದದ್ದು 14ನೆಯ ತಿಂಗಳಲ್ಲಿ. ನಾವು ಪತ್ರ ಬಂದ ವಾರದಲ್ಲೇ ಒಂದು ಕಾರ್ಡು ಬರೆದಿದ್ದರೆ ಡಾಕ್ಟರರು ಎಚ್ಚರವಾಗಿರುತ್ತಿದ್ದರು, ಪ್ರಾಯಶಃ ಆ ಲಗ್ನದಲ್ಲಿ ಹಂಚುವ ಪ್ರಸಂಗವೇ ಬರುತ್ತಿರಲಿಲ್ಲ. ನಮ್ಮ ಟೇಬಲಿನ ಖಾನೆಯಲ್ಲೇ ಆ ವರ್ಷ ಕಳೆದುಹೋಯಿತು.

ಫೌಜದಾರಿ ದಾರಿ ಇನ್ನೂ ತೆರೆದಿತ್ತು. ಅದಕ್ಕೆ ಮೂರು ವರ್ಷ. ಆದರೆ ಇಲ್ಲಿಯೂ ಜನ ತಪ್ಪು ಬಾಗಿಲಿಗೆ ಹೋಗುತ್ತಾರೆ. ಪೊಲೀಸ್ ಠಾಣೆಗೆ ಹೋದರೆ ಅವರು ತಾವಾಗಿ ತನಿಖೆ ಮಾಡುವ ಗುನ್ನೆ ಇದಲ್ಲ. ಮೊದಲ ವರ್ಗದ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ಫಿರ್ಯಾದು ಕೊಡಬೇಕು, ಅದೂ ಸಾಮಾನ್ಯವಾಗಿ ಹೆಸರು ಕೆಟ್ಟವರೇ ಕೊಡಬೇಕು. "ಅಣ್ಣಾರ ಬದಲಿ ನಾ ಹಾಕತೀನ್ರಿ" ಎಂದರು ತಮ್ಮ. ಆಗುವುದಿಲ್ಲ, ಅಣ್ಣನನ್ನೇ ಕರೆದುಕೊಂಡು ಬನ್ನಿ ಎಂದೆವು. ಮನೆಯಿಂದ ಹೊರಬರಲು ಮನಸ್ಸಿಲ್ಲದವರನ್ನು ಕೋರ್ಟಿನ ಮೆಟ್ಟಿಲು ಹತ್ತಿಸುವುದು ಎಷ್ಟು ಕಷ್ಟವೆಂದು ಅವರ ಮುಖ ನೋಡಿ ತಿಳಿಯಿತು.

ಗಡಿಯವರಾದ ನಮಗೆ ಉಪಯುಕ್ತವಾದ ಒಂದು ಅಂಶವನ್ನು ಇಲ್ಲೇ ಹೇಳಿಬಿಡುತ್ತೇವೆ. ಬರೆದವರು ಕರ್ನಾಟಕದವರು, ಪತ್ರ ಹಂಚಿದ್ದು ಮಹಾರಾಷ್ಟ್ರದಲ್ಲಿ. ಇಂಥಲ್ಲಿ ದಿವಾಣಿ ದಾವೆಯನ್ನು ಹಾನಿಯಾದ ಊರಿನ ಕೋರ್ಟಿನಲ್ಲೂ ಹೂಡಬಹುದು, ಪ್ರತಿವಾದಿ ವಾಸವಾಗಿರುವ ಊರಿನ ಕೋರ್ಟಿನಲ್ಲೂ ಹೂಡಬಹುದು. ದಿವಾಣಿ ಪ್ರಕ್ರಿಯಾ ಸಂಹಿತೆಯ 19ನೆಯ ಕಲಮು ನೋಡಿರಿ. ದೆಹಲಿಯವನು ಕಲ್ಕತ್ತೆಯಲ್ಲಿ ಮಾನಹಾನಿಯ ಮಾತು ಪ್ರಕಟಿಸಿದ ಉದಾಹರಣೆಯನ್ನೇ ಅಲ್ಲಿ ಕೊಟ್ಟಿದ್ದಾರೆ. ವಾದಿಗೆ ಅನುಕೂಲವಾದ ಭಾಷೆಯ ಕೋರ್ಟನ್ನು ಆರಿಸಿಕೊಳ್ಳಲು ಇದರಿಂದ ದಾರಿಯಿದೆ.

ಎಷ್ಟು ಹಣ ಕೇಳಬಹುದು ಎಂಬ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಪುಣೆಯ ಪ್ರಕರಣವೊಂದು ಹಲವರ ನೆನಪಿನಲ್ಲಿರಬಹುದು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತರ ಭಾವಚಿತ್ರವನ್ನು 2008ರ ಸೆಪ್ಟೆಂಬರಿನಲ್ಲಿ ಒಂದು ಇಂಗ್ಲಿಷ್ ಸುದ್ದಿವಾಹಿನಿ, ಹೆಸರಿನ ಹೋಲಿಕೆಯಿಂದಾಗಿ, ಬೇರೊಬ್ಬ ನ್ಯಾಯಾಧೀಶರ ಮೇಲಿನ ಪ್ರಾವಿಡೆಂಟ್ ಫಂಡ್ ಹಗರಣದ ಸುದ್ದಿಯಲ್ಲಿ ತೋರಿಸಿತು. ತೆರೆಯ ಮೇಲೆ ಇದ್ದದ್ದು ಕೆಲವೇ ಸೆಕೆಂಡು. ಪುಣೆಯ ಕೋರ್ಟು 2011ರಲ್ಲಿ 100 ಕೋಟಿ ರೂಪಾಯಿ ಕೊಡಬೇಕೆಂದಿತು. ಅಪೀಲಿನಲ್ಲಿ ತಡೆ ಬೇಕಾದರೆ 20 ಕೋಟಿ ಠೇವಣಿ, 80 ಕೋಟಿಗೆ ಬ್ಯಾಂಕ್ ಗ್ಯಾರಂಟಿ ಎಂದು ಮುಂಬಯಿ ಹೈಕೋರ್ಟು ಹೇಳಿತು, ಸುಪ್ರೀಂ ಕೋರ್ಟು ಅದರಲ್ಲಿ ಕೈ ಹಾಕಲಿಲ್ಲ. ಇದನ್ನು ಓದಿ ಹುರುಪಾಗುವ ಕಾರಣವಿಲ್ಲ. ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟು ಫೀ ಮೊದಲೇ ಕಟ್ಟಬೇಕು, ವರ್ಷಗಟ್ಟಲೆ ತಾರೀಖುಗಳಿಗೆ ಓಡಾಡಬೇಕು. ತಾಲೂಕಿನ ಡಾಕ್ಟರರಿಗೆ ಪುಣೆಯ ಲೆಕ್ಕ ಹೊಂದುವುದಿಲ್ಲ.

ಕೊನೆಗೆ ಏನಾಯಿತೆಂದರೆ, ಮೂರು ವಾರದ ಮೇಲೆ ಡಾಕ್ಟರರು ತಾವೇ ಬಂದರು. ಫಿರ್ಯಾದಿನ ಮೊದಲು ವಕೀಲರಿಂದ ಒಂದು ನೋಟೀಸು ಕಳಿಸಿ ನೋಡೋಣವೆಂದು ತೀರ್ಮಾನವಾಯಿತು. ಮಾನಹಾನಿಯ ಗುನ್ನೆಯಲ್ಲಿ ನೊಂದವರು ಒಪ್ಪಿದರೆ ರಾಜಿಗೆ ಅವಕಾಶವಿದೆ. ಕೋರ್ಟಿಗೆ ಹೋದ ಮೇಲೂ ಇದೆ. ನೋಟೀಸು ಮುಟ್ಟಿದ ಮೇಲೆ ಸೋದರಮಾವನವರು ನಮ್ಮ ಕಚೇರಿಗೆ ಬಂದು, ರಜಿಸ್ಟರ್ ನೋಡಿ, ನೋಂದಣಿಯ ಕಾಗದ ನೋಡಿ, ಬಹಳ ಹೊತ್ತು ತಲೆ ತಗ್ಗಿಸಿ ಕೂತರು. ಡಾಕ್ಟರರು ಹಣ ಕೇಳಲಿಲ್ಲ. "ಯಾರ್ಯಾರ ಕೈಯಾಗ ಆ ಕಾಗದ ಕೊಟ್ಟೀರಿ, ಅವರ ಕೈಯಾಗ ಇದನ್ನೂ ಕೊಡ್ರಿ" ಎಂದರು. ಮೂರು ಮಾತೂ ಸುಳ್ಳೆಂದು, ತಾನು ವಿಚಾರಿಸದೆ ಬರೆದೆನೆಂದು ಒಂದು ಪುಟ ಬರೆದು ಸಹಿಯಾಯಿತು. ಕೈಗುಣದ ಮಾತನ್ನು ಏನು ಮಾಡುವುದೆಂದು ವಕೀಲರು ಕೇಳಿದರು. ಅದನ್ನು ಬಿಡಿರೆಂದು ಡಾಕ್ಟರರೇ ಹೇಳಿದರು.

ಯಾರ್ಯಾರ ಕೈಗೆ ಹೋಗಿತ್ತು ಎಂಬುದನ್ನು ತಿಳಿಯುವುದು ಹೇಗೆ? ಲಗ್ನದ ಮನೆಯವರ ಹತ್ತಿರ ಆಯೇರಿ ಬರೆದ ವಹಿ ಇತ್ತು. ಅದರಲ್ಲಿ 312 ಮನೆತನದ ಹೆಸರುಗಳಿವೆ. ಸೋದರಮಾವನವರು ತಮ್ಮ ಖರ್ಚಿನಲ್ಲೇ ಅಂಚೆಯಿಂದ ಕಳಿಸುತ್ತಿದ್ದಾರೆ, ಸಮೀಪದ ಊರುಗಳಿಗೆ ತಾವೇ ಹೋಗಿ ಕೊಟ್ಟು ಬರುತ್ತಿದ್ದಾರೆ. ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ 190 ಮನೆಗಳಿಗೆ ಮುಟ್ಟಿದೆ. ಉಳಿದವರಲ್ಲಿ ಕೆಲವರು ಮನೆ ಬದಲಿಸಿದ್ದಾರೆ, ಕೆಲವರ ವಿಳಾಸ ವಹಿಯಲ್ಲಿ ಊರಿನ ಹೆಸರಿಗೇ ನಿಂತಿದೆ. ಎರಡು ವರ್ಷದ ಹಿಂದೆ ಒಂದು ಲಗ್ನದ ಪಂಕ್ತಿಯಲ್ಲಿ ಮೂರು ಹಾಳೆಯ ಪತ್ರ ಕೈಗೆ ಬಂದಿದ್ದು, ಅದರ ಬೆನ್ನಿಗೆ ಬರಬೇಕಾದ ಒಂದು ಹಾಳೆಯ ಪತ್ರ ಇನ್ನೂ ಬಂದಿರದ ಓದುಗರು ದಯವಿಟ್ಟು ತಮ್ಮ ಈಗಿನ ವಿಳಾಸವನ್ನು ನಮ್ಮ ಕಚೇರಿಗೆ ಬರೆದು ತಿಳಿಸಬೇಕು.